ನೀವು ಓದುವುದನ್ನು ಮಕ್ಕಳು ನೋಡಿದ್ದಾರಾ?

ಪ್ರಶ್ನೆ: ಮೂರನೇ ತರಗತಿಗೆ ಕಲಿಸುತ್ತೇನೆ. ಕಥೆಪುಸ್ತಕ ಕೊಟ್ಟರೆ ಮಕ್ಕಳು ಚಿತ್ರ ನೋಡಿ ಮಡಚಿಡುತ್ತಾರೆ. ಏನು ಮಾಡಲಿ ಮೇಡಂ?
– ಶಿಕ್ಷಕಿ, ಶಿರಸಿ

ಉತ್ತರ: ಚಿತ್ರ ನೋಡುವುದೂ ಓದೇ ಅಲ್ವಾ, ನೋಡಲಿ ಬಿಡಿ. ಆದರೆ ನೀವು ಓದುವುದನ್ನು ಅವರು ಯಾವತ್ತಾದರೂ ನೋಡಿದ್ದಾರಾ? ನಾನು 20 ವರ್ಷ ನಲಿ-ಕಲಿ ತರಗತಿಯಲ್ಲಿದ್ದೆ. ಬಿಸಿಯೂಟದ ನಂತರ ಹತ್ತು ನಿಮಿಷ ಚಾಪೆ ಮೇಲೆ ಕೂತು ಸುಮ್ನೆ ನನ್ನ ಪುಸ್ತಕ ಓದುತ್ತಿದ್ದೆ. ನಗು ಬಂದರೆ ಜೋರಾಗಿ ನಗುತ್ತಿದ್ದೆ. ಮೂರನೇ ದಿನ ಒಬ್ಬಳು ನನ್ನ ಹೆಗಲಿಗೆ ಗದ್ದ ಊರಿ, "ಎಂತಕ್ಕೆ ನಗ್ತೀರಿ ಟೀಚರ್?" ಅಂದಳು. ಕೈಯಲ್ಲಿನ್ನೂ ಸಾಂಬಾರಿನ ವಾಸನೆ. ಆ ಸಾಲನ್ನು ಅವಳಿಂದಲೇ ಓದಿಸಿದೆ. 'ಕ್ಷ' ಬಂದಾಗ ತಡೆದಳು. ನಾನು ಹೇಳಿಕೊಡಲಿಲ್ಲ, ಕಾದೆ. ಅದೇ ಜಾಸ್ತಿ ಕಷ್ಟ. ಪುಸ್ತಕ ಸಾಲದಿದ್ದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ಉಚಿತವಾಗಿ ಸಿಗುತ್ತವೆ. ನಾಳೆ ನಿಮ್ಮ ಚೀಲದಲ್ಲಿ ನಿಮಗಿಷ್ಟದ ಒಂದು ಪುಸ್ತಕ ಇರಲಿ.