ಮುದಿ ಟಾಂಗಾ ಕುದುರೆ ಹುಲ್ಲು ಅಗಿದು ಉಗುಳುತ್ತಿದ್ದರೆ

ನಿಮ್ಮ ಆಶ್ರಯಧಾಮದ ಕುದುರೆಯ ಬಾಯಿಂದ ಅರೆಬರೆ ಅಗಿದ ಹುಲ್ಲಿನ ಉಂಡೆ ಬೀಳುತ್ತಿದೆ ಎಂದರೆ ಬಹುತೇಕ ಹಲ್ಲಿನದೇ ತೊಂದರೆ. ಮೇಲಿನ ದವಡೆಹಲ್ಲಿನ ಹೊರ ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತಿರಬಹುದು, ಇಲ್ಲವೇ ಹಲ್ಲು ಸವೆದಿರಬಹುದು, ಅಲುಗಾಡುತ್ತಿರಬಹುದು. ಯಾವುದೆಂದು ಪಶುವೈದ್ಯರು ಬಾಯಿ ತೆರೆಸಿ ನೋಡಿದರಷ್ಟೇ ಗೊತ್ತಾಗುವುದು. ಚೂಪಿದ್ದರೆ ಅರದಿಂದ ಉಜ್ಜುತ್ತಾರೆ. ನೀವು ಕೈ ಹಾಕಬೇಡಿ, ಬೆರಳು ಹೋದೀತು.

ಅಲ್ಲಿವರೆಗೆ ಒಣಹುಲ್ಲು ಕಡಿಮೆ ಮಾಡಿ, ಎಳೆ ಹಸಿಹುಲ್ಲು ನಿಧಾನವಾಗಿ ಹೆಚ್ಚಿಸಿ. ಹುರುಳಿ ರಾತ್ರಿ ನೆನೆಸಿ, ಮೆತ್ತಗೆ ಬೇಯಿಸಿ, ಆರಿದ ಮೇಲೆ ಬೂಸಾ ಬೆರೆಸಿ ಗಂಜಿಯ ಹದಕ್ಕೆ ಕಲಸಿ. ಬೂಸಾ ಸ್ವಲ್ಪವೇ ಸಾಕು. ಅದರಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ, ಅದನ್ನೇ ತುಂಬಿಸಿದರೆ ಮೂಳೆ ಸೊರಗುತ್ತದೆ. ದಿನಕ್ಕೆ 4 ಸಲ, ಸ್ವಲ್ಪಸ್ವಲ್ಪ ಕೊಡಿ.

ಕತ್ತು ಚಾಚಿ, ಮೂಗಿನಿಂದ ಮೇವು ಮಿಶ್ರಿತ ಜೊಲ್ಲು ಸುರಿದರೆ ಬಹುತೇಕ ಅನ್ನನಾಳ ಕಟ್ಟಿದೆ. ಮೇವು, ನೀರು ಎರಡನ್ನೂ ತೆಗೆದು ತಕ್ಷಣ ವೈದ್ಯರನ್ನು ಕರೆಸಿ. ಯಾರಾದರೂ ಎಣ್ಣೆ ಕುಡಿಸಿ ಎಂದರೂ ಕುಡಿಸಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ.