ಪ್ರೆಸ್ ಕೌನ್ಸಿಲ್‌ಗೆ ದೂರು ಕೊಟ್ಟರೆ ವಾರಪತ್ರಿಕೆ ನಿಲ್ಲಿಸುತ್ತಾರಾ?

ಚಿತ್ರದುರ್ಗದಲ್ಲಿ ಹಾಸ್ಟೆಲ್ ವಾರ್ಡನ್ ಆಗಿರುವ ನಿಮ್ಮ ಅಕ್ಕನ ಬಗ್ಗೆ ಒಂದು ಟ್ಯಾಬ್ಲಾಯ್ಡ್ ವಾರಪತ್ರಿಕೆ ಕೆಟ್ಟದಾಗಿ ಬರೆದಿದೆ. ಕೊನೆಗೆ ‘ಮುಂದಿನ ಸಂಚಿಕೆಯಲ್ಲಿ ಇನ್ನಷ್ಟು’ ಅಂತ ಹಾಕಿದೆ. ಪತ್ರಿಕೆಗಳ ಮೇಲಿನ ದೂರು ವಿಚಾರಿಸುವ ಪ್ರೆಸ್ ಕೌನ್ಸಿಲ್‌ಗೆ ದೂರು ಕೊಟ್ಟರೆ ಪತ್ರಿಕೆ ನಿಲ್ಲಿಸುತ್ತಾರಾ ಅಂತ ಕೇಳಿದ್ದೀರಿ. ನಿಲ್ಲಿಸುವುದಿಲ್ಲ. ಅದಕ್ಕೆ ಆ ಅಧಿಕಾರವೇ ಇಲ್ಲ. ಆದರೂ ದೂರು ಕೊಡಿ ಅಂತಲೇ ಹೇಳುತ್ತೇನೆ.

ನಾನು ದಾವಣಗೆರೆಯ ಪ್ರಿಂಟಿಂಗ್ ಪ್ರೆಸ್ ಒಂದರಲ್ಲಿ ತುಂಬಾ ವರ್ಷ ಡಿಟಿಪಿ ಮಾಡಿದವನು. ಮದುವೆ ಕಾರ್ಡು, ಬಿಲ್ ಬುಕ್ಕು, ಜೊತೆಗೆ ಇಂಥ ವಾರಪತ್ರಿಕೆಗಳ ಪೇಜು ಕಟ್ಟುವ ಕೆಲಸ. ಹಾಗಾಗಿ ಇವು ಹೇಗೆ ನಡೆಯುತ್ತವೆ ಅಂತ ಹತ್ತಿರದಿಂದ ನೋಡಿದ್ದೇನೆ. ಮೊದಲ ವಾರ ಹೆಸರು ಹಾಕುವುದಿಲ್ಲ. ‘ವಿದ್ಯಾನಗರದ ಶಾಲೆಯೊಂದರ ಮೇಡಂ’ ಅಂತ ಬರೆಯುತ್ತಾರೆ. ಬೆಂಗಳೂರಿನಲ್ಲಾದರೆ ಅದು ಯಾರೂ ಆಗಿರಬಹುದು. ನಮ್ಮ ಊರುಗಳಲ್ಲಿ ಅಷ್ಟು ಸಾಕು, ಸಂಜೆಯೊಳಗೆ ಎಲ್ಲರಿಗೂ ಯಾರು ಅಂತ ಗೊತ್ತಾಗುತ್ತದೆ. ಕಣ್ಣಿಗೆ ಕಪ್ಪು ಪಟ್ಟಿ ಹಾಕಿದ ಫೋಟೋ, ಪ್ರತಿ ವಾಕ್ಯದ ಕೊನೆಗೆ ‘ಎನ್ನಲಾಗಿದೆ’. ‘ಮುಂದಿನ ಸಂಚಿಕೆ’ ಅನ್ನುವ ಸಾಲು ಓದುಗರಿಗಾಗಿ ಇರುವುದಲ್ಲ, ಆ ಒಬ್ಬ ವ್ಯಕ್ತಿಗಾಗಿ. ಆ ವಾರ ಫೋನು ಹೋಗುತ್ತದೆ. ದುಡ್ಡೋ ಜಾಹೀರಾತೋ ಬಂದರೆ, ಪ್ರಿಂಟಿಗೆ ಹೋಗುವ ಹಿಂದಿನ ರಾತ್ರಿ ಆ ಪೇಜು ಇಳಿಸಿ ಅಲ್ಲಿಗೆ ಸಿನಿಮಾ ಸುದ್ದಿ ಹಾಕಿಸುತ್ತಾರೆ. ಬರದಿದ್ದರೆ ಹೆಸರು, ಊರು, ಗಂಡನ ಕೆಲಸ ಎಲ್ಲ ಬರುತ್ತದೆ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಇಂಥ ಪತ್ರಿಕೆ ಅಂಗಡಿಯಲ್ಲಿ ಮಾರಾಟ ಆಗಬೇಕು ಅಂತೇನೂ ಇಲ್ಲ. ಒಂದಿಷ್ಟು ಪ್ರತಿ ಬಸ್ ಸ್ಟ್ಯಾಂಡ್ ಹತ್ತಿರ ನೇತುಹಾಕುತ್ತಾರೆ. ಉಳಿದದ್ದು ಯಾರನ್ನು ಬಲಿ ಹಾಕಬೇಕೋ ಅವರ ಆಫೀಸಿಗೆ, ಮೇಲಧಿಕಾರಿಯ ಟೇಬಲ್ಲಿಗೆ, ಅವರ ಬೀದಿಗೆ ಪುಕ್ಕಟೆ ತಲುಪುತ್ತದೆ. ಈಗಂತೂ ಪಿಡಿಎಫ್ ಮಾಡಿ ವಾಟ್ಸಾಪಿಗೆ ಬಿಡುತ್ತಾರೆ. ಇನ್ನೂರು ಪ್ರತಿ ಅಚ್ಚಾದರೂ ಒಂದು ಮನೆಯ ನೆಮ್ಮದಿ ಕೆಡಿಸಲು ಅದೇ ಜಾಸ್ತಿ.

ಹಾಗಂತ ಟ್ಯಾಬ್ಲಾಯ್ಡ್ ಅಂದ ತಕ್ಷಣ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. 1980ರಲ್ಲಿ ಪಿ. ಲಂಕೇಶ್ ಶುರು ಮಾಡಿದ ವಾರಪತ್ರಿಕೆಯೂ ಟ್ಯಾಬ್ಲಾಯ್ಡೇ. ಅದು ಜಾಹೀರಾತು ತೆಗೆದುಕೊಳ್ಳದೆ ಓದುಗರ ದುಡ್ಡಿನಲ್ಲಿ ನಡೆಯಿತು, ಮುಖ್ಯಮಂತ್ರಿಗಳನ್ನೇ ಎದುರು ಹಾಕಿಕೊಂಡಿತು. ಮೇಲಿನವರನ್ನು ಪ್ರಶ್ನೆ ಮಾಡುವುದು ಬೇರೆ, ಸಂಬಳಕ್ಕೆ ದುಡಿಯುವ ಹೆಣ್ಣುಮಗಳನ್ನು ಹೆದರಿಸಿ ದುಡ್ಡು ಕೀಳುವುದು ಬೇರೆ. ಎರಡನೆಯದನ್ನು ಪತ್ರಿಕೋದ್ಯಮ ಅಂತ ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಈಗ ಪ್ರೆಸ್ ಕೌನ್ಸಿಲ್ ವಿಷಯ. ಇದು ಶುರುವಾಗಿದ್ದು 1966ರಲ್ಲಿ. ತುರ್ತು ಪರಿಸ್ಥಿತಿಯಲ್ಲಿ ಮುಚ್ಚಿದರು. 1978ರ ಕಾಯ್ದೆಯಡಿ ಮತ್ತೆ ಬಂತು. ಅಧ್ಯಕ್ಷರ ಜೊತೆ 28 ಸದಸ್ಯರು, ಅದರಲ್ಲಿ 20 ಮಂದಿ ಪತ್ರಿಕಾರಂಗದವರೇ. ಕಾಯ್ದೆಯ 14ನೇ ಕಲಂ ಪ್ರಕಾರ ತಪ್ಪು ಮಾಡಿದ ಪತ್ರಿಕೆಗೆ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ಖಂಡಿಸಬಹುದು. ವಿಚಾರಣೆಯ ವಿವರ ಪ್ರಕಟಿಸಿ ಅಂತ ಪತ್ರಿಕೆಗೆ ಹೇಳಬಹುದು. ಅಷ್ಟೇ. ಒಂದು ರೂಪಾಯಿ ದಂಡ ಹಾಕುವಂತಿಲ್ಲ. ಮರ್ಯಾದೆಗೆ ಅಂಜುವ ಪತ್ರಿಕೆಗೆ ಛೀಮಾರಿ ತಟ್ಟುತ್ತದೆ. ಬೇರೆಯವರ ಮರ್ಯಾದೆ ತೆಗೆದೇ ಬದುಕುವವರಿಗೆ ತಟ್ಟುತ್ತದಾ? ಕೌನ್ಸಿಲ್ ತಾನೇ ಗಟ್ಟಿಯಾಗಿ ನಿಲ್ಲದ ಉದಾಹರಣೆಯೂ ಇದೆ. ಚುನಾವಣೆ ಹೊತ್ತಿನ ಕಾಸಿಗಾಗಿ ಸುದ್ದಿ ಬಗ್ಗೆ ಅದರ ಉಪಸಮಿತಿಯೇ 2010ರಲ್ಲಿ ಪತ್ರಿಕೆಗಳ ಹೆಸರು ಸಮೇತ ದೊಡ್ಡ ವರದಿ ಕೊಟ್ಟಿತು. ಕೌನ್ಸಿಲ್ ಮೊದಲು ಹೊರಗೆ ಬಿಟ್ಟಿದ್ದು ಹೆಸರುಗಳನ್ನು ತೆಗೆದ ಸಣ್ಣ ವರದಿ. ಪೂರ್ತಿ ವರದಿ ಹೊರಬರಲು ಕೇಂದ್ರ ಮಾಹಿತಿ ಆಯೋಗ ಆದೇಶ ಕೊಡಬೇಕಾಯಿತು.

ಪತ್ರಿಕೆಗಳ ನೋಂದಣಿಗೆ ಇದ್ದ 1867ರ ಕಾಯ್ದೆ ಹೋಗಿ, 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಅದರಲ್ಲೂ ಒಬ್ಬರ ಬಗ್ಗೆ ಸುಳ್ಳು ಬರೆದರೆ ನೋಂದಣಿ ರದ್ದು ಅನ್ನುವ ದಾರಿ ಇಲ್ಲ.

ನನಗೆ ಜಾಸ್ತಿ ಸಿಟ್ಟು ಬರುವುದು ಇಲ್ಲಿ. ದೊಡ್ಡವರಿಗೆ ಎಲ್ಲ ಬಾಗಿಲೂ ತೆರೆದಿದೆ. 2017ರ ಜೂನ್‌ನಲ್ಲಿ ನಮ್ಮ ವಿಧಾನಸಭೆ, ಶಾಸಕರ ವಿರುದ್ಧ ಬರೆದರು ಅಂತ ಎರಡು ಟ್ಯಾಬ್ಲಾಯ್ಡ್‌ಗಳ ಸಂಪಾದಕರಿಗೆ 1 ವರ್ಷ ಜೈಲು, 10 ಸಾವಿರ ರೂಪಾಯಿ ದಂಡ ಘೋಷಿಸಿತು. ತಮಗಾದ ಅನ್ಯಾಯಕ್ಕೆ ತಾವೇ ನ್ಯಾಯಾಧೀಶರು! 2021ರ ಮಾರ್ಚ್‌ನಲ್ಲಿ 6 ಸಚಿವರು ತಮ್ಮ ಬಗ್ಗೆ ಮಾನಹಾನಿ ಆಗುವ ಸುದ್ದಿ ಬರಬಾರದು ಅಂತ ಬೆಂಗಳೂರಿನ ಕೋರ್ಟಿನಿಂದ ತಡೆಯಾಜ್ಞೆ ತಂದರು. ನಿಮ್ಮ ಅಕ್ಕನಿಗೂ ಕಾಗದದ ಮೇಲೆ ಕೋರ್ಟಿನ ದಾರಿ ಇದೆ. ಆದರೆ ವಕೀಲರ ಫೀಸು, ಓಡಾಟ, ರಜೆ? ಗೌರಿ ಲಂಕೇಶ್ ಅವರ ಪತ್ರಿಕೆಯಲ್ಲಿ 2008ರಲ್ಲಿ ಬಂದ ಲೇಖನದ ಮಾನನಷ್ಟ ಪ್ರಕರಣದಲ್ಲಿ ಹುಬ್ಬಳ್ಳಿ ಕೋರ್ಟ್ ತೀರ್ಪು ಕೊಟ್ಟಿದ್ದು 2016ರಲ್ಲಿ. ದೂರು ಕೊಟ್ಟವರು ರಾಜಕಾರಣಿಗಳಾಗಿದ್ದರೂ ಇಷ್ಟು ಕಾಲ ಹಿಡಿಯಿತು.

ಸರ್ಕಾರಕ್ಕೇ ಪತ್ರಿಕೆ ಮುಚ್ಚಿಸುವ ಅಧಿಕಾರ ಕೊಡಿ ಅಂತ ಕೆಲವರು ಹೇಳುತ್ತಾರೆ. ಬೇಡವೇ ಬೇಡ. ಮೊದಲು ಮುಚ್ಚುವುದು ಸರ್ಕಾರವನ್ನು ಪ್ರಶ್ನೆ ಮಾಡುವ ಪತ್ರಿಕೆಯೇ. ಬ್ರಿಟನ್‌ನಲ್ಲಿ ಫೋನ್ ಕದ್ದು ಕೇಳಿದ ಹಗರಣದಿಂದ ‘ನ್ಯೂಸ್ ಆಫ್ ದಿ ವರ್ಲ್ಡ್’ ಅನ್ನುವ ಟ್ಯಾಬ್ಲಾಯ್ಡ್ 2011ರಲ್ಲಿ ಬಾಗಿಲು ಹಾಕಿತು, ಪತ್ರಿಕೆಗಳ ನಡವಳಿಕೆ ಬಗ್ಗೆ ವಿಚಾರಣೆ ಮಾಡಿದ ನ್ಯಾಯಾಧೀಶ ಲೆವೆಸನ್ ಅವರ ವರದಿ 2012ರಲ್ಲಿ ಬಂತು. 2014ರಲ್ಲಿ ಪತ್ರಿಕೆಗಳೇ ಸೇರಿ ಮಾಡಿಕೊಂಡ ಹೊಸ ಸಂಸ್ಥೆಗೆ ತಿದ್ದುಪಡಿ ಎಲ್ಲಿ ಹಾಕಬೇಕು ಅಂತ ಹೇಳುವ, 10 ಲಕ್ಷ ಪೌಂಡ್‌ವರೆಗೆ ದಂಡ ಹಾಕುವ ಅಧಿಕಾರ ಇದೆ. ಅದೂ ಸಾಲದು ಅನ್ನುವವರು ಅಲ್ಲಿ ಬೇಕಾದಷ್ಟಿದ್ದಾರೆ. ಆದರೆ ಸುಳ್ಳು ಮುಖಪುಟದಲ್ಲಿ ಬಂದಿದ್ದರೆ ತಿದ್ದುಪಡಿಯೂ ಮುಖಪುಟದಲ್ಲೇ, ಅಷ್ಟೇ ದೊಡ್ಡದಾಗಿ, ಇಷ್ಟು ದಿನದೊಳಗೆ ಬರಬೇಕು ಅನ್ನುವ ಅಧಿಕಾರವಾದರೂ ನಮ್ಮ ಕೌನ್ಸಿಲ್‌ಗೆ ಬೇಕು. ಜಿಲ್ಲೆಯಲ್ಲೇ ದೂರು ಕೊಡುವ ವ್ಯವಸ್ಥೆಯೂ ಬೇಕು. ಹಿರಿಯೂರಿನ ಕಡೆಯವರು ದೆಹಲಿಗೆ ಪತ್ರ ಬರೆದು ಕಾಯುತ್ತಾ ಕೂರಬೇಕು ಅಂದರೆ ಹೇಗೆ?

ನೀವು ಈಗ ಮಾಡಬೇಕಾದ್ದು ಹೇಳುತ್ತೇನೆ. ದುಡ್ಡು ಮಾತ್ರ ಕೊಡಬೇಡಿ. ಒಮ್ಮೆ ಕೊಟ್ಟರೆ ವರ್ಷವರ್ಷ ಬರುತ್ತಾರೆ. ದುಡ್ಡು ಕೇಳಿ ಬಂದ ಮೆಸೇಜು ಅಳಿಸಬೇಡಿ. ಬೆದರಿಸಿ ದುಡ್ಡು ಕೇಳುವುದು ಸುಲಿಗೆ, ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ. ಪೊಲೀಸರಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಪತ್ರಿಕೆಯಲ್ಲಿ ಸಂಪಾದಕ, ಮುದ್ರಕ, ಪ್ರಕಾಶಕರ ಹೆಸರು ಕಾನೂನು ಪ್ರಕಾರ ಇರಲೇಬೇಕು, ಸಾಮಾನ್ಯವಾಗಿ ಕೊನೆಯ ಪುಟದ ತಳದಲ್ಲಿ ಇರುತ್ತದೆ. ಆ ವಿಳಾಸಕ್ಕೆ ಏನು ತಪ್ಪು ಅಂತ ಅಕ್ಕನೇ ಬರೆದು ನೋಂದಾಯಿತ ಅಂಚೆಯಲ್ಲಿ ಕಳಿಸಲಿ. ಸಂಪಾದಕರಿಗೆ ಮೊದಲು ಬರೆಯದಿದ್ದರೆ ಕೌನ್ಸಿಲ್ ದೂರು ತೆಗೆದುಕೊಳ್ಳುವುದಿಲ್ಲ. ವಾರಪತ್ರಿಕೆ ಆದ್ದರಿಂದ ಪ್ರಕಟವಾದ 2 ತಿಂಗಳೊಳಗೆ ದೂರು ಹೋಗಬೇಕು. ಜೊತೆಗೆ ಆ ಪುಟ, ಅದರ ಇಂಗ್ಲಿಷ್ ಅನುವಾದ, ಸಂಪಾದಕರಿಗೆ ಬರೆದ ಪತ್ರದ ಪ್ರತಿ ಇಡಿ. ಇದೇ ವಿಷಯ ಕೋರ್ಟಿನಲ್ಲಿದ್ದರೆ ಕೌನ್ಸಿಲ್ ವಿಚಾರಣೆ ಮಾಡುವುದಿಲ್ಲ, ಹಾಗಾಗಿ ಮಾನನಷ್ಟ ಕೇಸು ಹಾಕುವ ಮುಂಚೆ ವಕೀಲರ ಹತ್ತಿರ ಇದನ್ನು ಮಾತಾಡಿ. ಕೌನ್ಸಿಲ್ ಒಂದು ಸಾಲು ಖಂಡಿಸಿದರೂ ಅದು ಅಧಿಕೃತ ದಾಖಲೆ. ನಾಳೆ ಬಡ್ತಿ ಹೊತ್ತಿನಲ್ಲಿ ಯಾರಾದರೂ ಆ ಹಳೆ ಪುಟ ತಂದಿಟ್ಟರೆ ಅಕ್ಕನ ಕೈಯಲ್ಲಿ ಉತ್ತರ ಇರುತ್ತದೆ.

ಎಲ್ಲಕ್ಕಿಂತ ಮೊದಲು ಇಲಾಖೆಯ ಮೇಲಧಿಕಾರಿಗೆ ಸ್ಪಷ್ಟನೆ ಪತ್ರ ಕೊಡಿಸಿ, ಈ ವಾರವೇ. ಪತ್ರಿಕೆಯ ಪ್ರತಿ ಅವರ ಟೇಬಲ್ಲಿಗೆ ಆಗಲೇ ಹೋಗಿರುತ್ತದೆ.