ಹೇಂಟೆಗೆ ವಯಸ್ಸಾಯಿತು, ಏಣಿ ತೆಗೆಯಿರಿ

ಪ್ರಶ್ನೆ: ನಮ್ಮಲ್ಲಿ ಐದು ವರ್ಷ ದಾಟಿದ ಆರು ಗಿರಿರಾಜ ತಳಿಯ ಹೇಂಟೆಗಳಿವೆ. ಮೊಟ್ಟೆ ಅಪರೂಪ. ಆದರೂ ಅವನ್ನು ಯಾರಿಗೂ ಕೊಡಲು ಅತ್ತೆ ಒಪ್ಪುವುದಿಲ್ಲ. ಗೂಡು ನೆಲದಿಂದ ಮೂರಡಿ ಮೇಲಿದೆ, ಹತ್ತಲು ಏಣಿ ಇದೆ. ಈಗ ಎರಡು ಹೇಂಟೆಗಳು ಸಂಜೆ ಏಣಿಯ ಬುಡದಲ್ಲೇ ಕೂತುಬಿಡುತ್ತವೆ. ಹೊಸ ಗೂಡು ಕಟ್ಟಿಸಬೇಕೇ?
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬೇಡ. ಗೂಡಿನ ಕಾಲು ಕತ್ತರಿಸಿ ತಗ್ಗಿಸಲೂ ಹೋಗಬೇಡಿ. ನಿಮ್ಮ ಕಡೆಯ ಮಳೆಗೆ, ನೆಲದ ಶೀತಕ್ಕೆ ಆ ಮೂರಡಿ ಬೇಕೇ ಬೇಕು. ಬದಲಾಗಬೇಕಾದ್ದು ಏಣಿ.

ಬೆಳಿಗ್ಗೆ ಬಾಗಿಲು ತೆಗೆದು ಒಮ್ಮೆ ನಿಂತು ನೋಡಿ. ಏಣಿ ಮೆಟ್ಟಿ ಇಳಿಯುವವು ಕಡಿಮೆ, ಬಾಗಿಲಿಂದಲೇ ಧೊಪ್ಪನೆ ಹಾರುತ್ತವೆ. ಗಿರಿರಾಜ ಅಂದರೆ ಮೂರು ಕಿಲೋ ಆಸುಪಾಸಿನ ಮೈ. ಅಷ್ಟು ಭಾರ ದಿನಾ ಅಂಗಳದ ಗಟ್ಟಿ ನೆಲಕ್ಕೆ ಬಿದ್ದರೆ ಪಾದ ಏನಾಗಬೇಕು? ಹತ್ತುವುದಕ್ಕಿಂತ ಇಳಿಯುವುದೇ ಕಾಲು ಕೆಡಿಸುತ್ತದೆ.

ಒಂದಡಿ ಅಗಲ, ಒಂಬತ್ತು ಅಡಿ ಉದ್ದದ ಹಲಗೆ ಇಳಿಜಾರಾಗಿ ಕೊಡಿ. ಜಾಗ ಸಾಲದಿದ್ದರೆ ಎರಡು ತುಂಡು ಮಾಡಿ, ನಡುವೆ ಕಟ್ಟೆ ಇಟ್ಟು ತಿರುಗಿಸಿ. ಅರ್ಧ ಗೇಣಿಗೊಂದು ತೆಳು ಪಟ್ಟಿ ಅಡ್ಡಲಾಗಿ ಹೊಡೆಯಿರಿ. ಅಡಿಕೆ ದಬ್ಬೆ ಮಾತ್ರ ಹಾಸಬೇಡಿ, ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಗೋಣಿತಾಟು ಒಣಗದೆ ಬೂಷ್ಟು ಹಿಡಿಯುತ್ತದೆ. ಬಾಗಿಲ ಹತ್ತಿರ ಎರಡೂ ಬದಿಗೆ ಬಿದಿರು ಕಟ್ಟಿ, ಹಾರುವ ದಾರಿ ಮುಚ್ಚಿ. ಮೊದಮೊದಲು ಹಲಗೆ ಮೇಲೆ ಅಕ್ಕಿನುಚ್ಚು ಚೆಲ್ಲಿದರೆ ರೂಢಿಯಾಗುತ್ತದೆ.

ಒಳಗೆ ಕೂರುವ ಕೋಲನ್ನು ಒಂದಡಿಗೆ ಇಳಿಸಿ. ಎರಡಿಂಚು ಅಗಲದ ರೀಪು ಸಾಕು, ಅಂಚು ಉಜ್ಜಿ ನಯ ಮಾಡಿ. ಕೋಲುಗಳೆಲ್ಲ ಒಂದೇ ಮಟ್ಟದಲ್ಲಿರಲಿ, ಇಲ್ಲದಿದ್ದರೆ ಮೇಲಿನದಕ್ಕೇ ಜಗಳ. ಕೆಳಗೆ ನಾಲ್ಕಿಂಚು ಭತ್ತದ ಹೊಟ್ಟು ಹಾಕಿ, ಒದ್ದೆಯಾದದ್ದನ್ನು ಅಂದೇ ತೆಗೆಯಿರಿ.

ಆ ಎರಡು ಹೇಂಟೆಗಳ ಪಾದ ತಿರುಗಿಸಿ ನೋಡಿದಿರಾ? ನಡುವೆ ಕಪ್ಪು ಹಕ್ಕಳೆ, ಸುತ್ತ ಊತ ಇದ್ದರೆ ಒಳಗೆ ಕೀವಾಗಿರುತ್ತದೆ. ಮನೆಯಲ್ಲಿ ಬ್ಲೇಡು ಹಿಡಿಯಬೇಡಿ, ಪಶು ಆಸ್ಪತ್ರೆಗೆ ಒಯ್ಯಿರಿ.

ಅಂದಹಾಗೆ, ನಾನು ನಿಮ್ಮ ಅತ್ತೆಯವರ ಪಕ್ಷ. ನಮ್ಮನೆಯಲ್ಲೂ ಮೊಟ್ಟೆ ನಿಲ್ಲಿಸಿದ ಕರಿ ಹೇಂಟೆಯೊಂದಿದೆ. ನೆಂಟರು ಬಂದಾಗಲೆಲ್ಲ "ಸಾರಿಗಾಗುತ್ತಲ್ವಾ?" ಅಂತಾರೆ. ನಾನು ಸುಮ್ನೆ ಕಾಫಿ ಕೊಡುತ್ತೇನೆ.

ಲೇಯರ್ ಫೀಡ್ (ಮೊಟ್ಟೆ ಇಡುವ ಕೋಳಿಗಳ ಆಹಾರ) ಹಾಕುತ್ತಿದ್ದರೆ ನಿಲ್ಲಿಸಿ. ಅದರಲ್ಲಿ ಕ್ಯಾಲ್ಸಿಯಂ ಶೇ 3.5ರಿಂದ 4ರವರೆಗೆ ಇರುತ್ತದೆ. ಮೊಟ್ಟೆ ಇಡದ ಕೋಳಿಯ ಕಿಡ್ನಿಗೆ ಅದು ಜಾಸ್ತಿ. ಬೆಳೆಯುವ ಕೋಳಿಗಳಿಗೆ ಹಾಕುವ ಗ್ರೋವರ್ ಫೀಡ್ ಕೊಡಿ. ಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿರಲಿ, ಮೊಟ್ಟೆ ಇಡುವವು ತಾವೇ ಹೋಗಿ ತಿನ್ನುತ್ತವೆ.